ಪಾಠ ಮಾಡಿ ಮಾಡಿ ದನಿ ಒಡೆದಿದ್ದರೆ

ಮೇಡಂ, ಎರಡು ತಿಂಗಳಿಂದ ದನಿ ಒಡೆದಿದೆ, ದನಿತಂತುಗಳ ಮೇಲೆ ಸಣ್ಣ ಗಂಟುಗಳಿವೆ ಅಂತ ಡಾಕ್ಟರು ಹೇಳಿದ್ದಾರೆ, ಆಪರೇಷನ್ ಇಲ್ಲದೆ ಬರೀ ಸ್ಪೀಚ್ ಥೆರಪಿಯಿಂದ ಹೋಗುತ್ತಾ ಅಂತ ಕೇಳಿದ್ದೀರಿ. ಇಂಥ ಗಂಟುಗಳಿಗೆ ಸಾಮಾನ್ಯವಾಗಿ ಮೊದಲು ಮಾಡುವುದೇ ಥೆರಪಿ. ನಾನೂ ಟೀಚರ್, ನನಗೂ ಇದೇ ಆಗಿತ್ತು.

ಕಬ್ಬು ಕಡಿಯುವವರ ಅಂಗೈ ಜಡ್ಡುಗಟ್ಟುತ್ತದಲ್ವಾ, ಹಾಗೇ ಇದು. ಹೆಂಗಸರು ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಕೂಗಿದರೆ ಪೆಟ್ಟು ಇನ್ನೂ ಜಾಸ್ತಿ.

ನನಗೆ ಮೊದಲು ಮಾಡಿಸಿದ್ದು ಇಷ್ಟೇ: ಲೋಟದ ನೀರಿಗೆ ಸ್ಟ್ರಾ ಅದ್ದಿ, ಗುಳುಗುಳು ಗುಳ್ಳೆ ಬರುವ ಹಾಗೆ ಮೆಲ್ಲಗೆ ‘ಊ’ ಅನ್ನುವುದು. ಕೆಲವೇ ದಿನಕ್ಕೆ ಗಂಟಲಿನ ಬಿಗಿ ಸಡಿಲವಾಗಿದ್ದು ಗೊತ್ತಾಯಿತು. ದನಿ ತಿಳಿಯಾಗಲು ಮಾತ್ರ ತಿಂಗಳುಗಳೇ ಹಿಡಿದವು. ಪದೇ ಪದೇ ಕ್ಯಾಕರಿಸಬೇಡಿ, ಒಂದು ಗುಟುಕು ನೀರು ಕುಡಿಯಿರಿ. ಪಿಸುಮಾತೂ ವಿಶ್ರಾಂತಿ ಅಲ್ಲ, ಬಹಳ ಜನಕ್ಕೆ ಅದರಿಂದ ಗಂಟಲು ಇನ್ನೂ ಬಿಗಿಯುತ್ತದೆ.

ನೀವು ಮಂಡ್ಯದವರು, ಮೈಸೂರು ಹತ್ತಿರವೇ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಡಾಕ್ಟರ ಚೀಟಿ ಹಿಡಿದು ಅಲ್ಲಿಗೆ ಹೋಗಿ. ಅಲ್ಲಿಯವರೆಗೆ ಕ್ಲಾಸಿನಲ್ಲಿ ಗಲಾಟೆ ಆದರೆ ಕೂಗಬೇಡಿ, ಚಪ್ಪಾಳೆ ತಟ್ಟಿ.