ಮೊಬೈಲ್‌ನಲ್ಲಿ ಟರ್ನ್-ಬೇಸ್ಡ್ ಫ್ಯಾಂಟಸಿ ಆಟ ಆಡಬೇಕು, ಯಾವುದರಿಂದ ಶುರು ಮಾಡಲಿ?

ನೀವು ಮೂರು ಷರತ್ತು ಹಾಕಿದ್ದೀರಿ: ಮೆಟ್ರೋದಲ್ಲಿ ಹೋಗಿಬರುವಾಗ ಆಡುವಂತಿರಬೇಕು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು, ಮಧ್ಯೆ ಜಾಹೀರಾತು ಬರಬಾರದು. ಈ ಬಗೆಯ ಆಟ ಇದೇ ಮೊದಲು ಅಂತಲೂ ಬರೆದಿದ್ದೀರಿ. ಹಾಗಾದರೆ ಫೈನಲ್ ಫ್ಯಾಂಟಸಿ ಅನ್ನೋ ಜಪಾನಿ ಆಟಗಳ ಸರಣಿಯ ಮೊದಲ ಭಾಗ ತಗೊಳ್ಳಿ, ಅದರಲ್ಲೂ ಪಿಕ್ಸೆಲ್ ರೀಮಾಸ್ಟರ್, ಅಂದರೆ ಹಳೇ ಆಟವನ್ನು ಹೊಸದಾಗಿ ತಿದ್ದಿ ತಂದ ಆವೃತ್ತಿ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಆಮೇಲೆ ಅದು ನಿಮ್ಮ ಜೇಬಿನ ತಂಟೆಗೆ ಬರುವುದಿಲ್ಲ.

ಇಷ್ಟೊಂದು ಉಚಿತ ಆಟ ಇರುವಾಗ ದುಡ್ಡು ಯಾಕೆ ಅಂತ ನಿಮಗೆ ಅನ್ನಿಸಬಹುದು. ಅಂಥದ್ದೊಂದನ್ನು ನಾನು ಬಹಳ ಕಾಲ ಆಡಿದ್ದೇನೆ. ಚಿತ್ರ ಚೆನ್ನಾಗಿತ್ತು, ಕಾಳಗವೂ ಚೆನ್ನಾಗಿತ್ತು. ಆದರೆ ಪ್ರತಿ ಕಾಳಗಕ್ಕೂ ಎನರ್ಜಿ ಖರ್ಚಾಗುತ್ತಿತ್ತು. ಖಾಲಿಯಾದರೆ ಕಾಯಬೇಕು, ಇಲ್ಲಾ ಕೊಳ್ಳಬೇಕು. ಒಳ್ಳೆಯ ಪಾತ್ರ ಬೇಕಾದರೆ ಲಾಟರಿ ಎತ್ತಬೇಕು. ಟರ್ನ್-ಬೇಸ್ಡ್, ಅಂದರೆ ಸರದಿ ಪ್ರಕಾರ ಆಡುವ ಆಟದ ದೊಡ್ಡ ಸುಖ ಏನು ಹೇಳಿ? ಅದು ನಿಮಗಾಗಿ ಕಾಯುತ್ತದೆ. ಫೋನ್ ಕಾಲ್ ಬರಲಿ, ಪಕ್ಕದವರು ಮಾತಾಡಿಸಲಿ, ನೀವು ಅಪ್ಪಣೆ ಕೊಡುವ ತನಕ ಎದುರಿನ ರಾಕ್ಷಸ ಕೈಯೆತ್ತುವುದಿಲ್ಲ. ಅಂಥ ಆಟಕ್ಕೆ ನಾವೇ ಕಾದು ಕೂರೋದು ಉಲ್ಟಾ ಲೆಕ್ಕ ಅಲ್ವಾ?

ಮೂಲ ಆಟ 1987ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ವಿಡಿಯೊ ಗೇಮ್ ಯಂತ್ರಕ್ಕೆ ಬಂತು. ಹಿರೊನೊಬು ಸಕಾಗುಚಿ ಮುಂದಾಳು, ಸಂಗೀತ ನೊಬುವೊ ಉಎಮಾತ್ಸು ಅವರದು. ಪಿಕ್ಸೆಲ್ ರೀಮಾಸ್ಟರ್ 2021ರ ಜುಲೈನಲ್ಲಿ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಬಂತು. ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲೇ ಆಡಬೇಕು. ಮಾತು ಕಡಿಮೆ, ವಾಕ್ಯಗಳೂ ಚಿಕ್ಕವು, ಹಾಗಾಗಿ ಕಷ್ಟವಾಗಲಾರದು. ಊರಿಗೆ ಹೋದಾಗ ಅಲ್ಲಿರುವವರನ್ನೆಲ್ಲ ಮಾತಾಡಿಸಿ. ಮುಂದೆ ಎಲ್ಲಿಗೆ ಹೋಗಬೇಕು ಅನ್ನೋ ಸುಳಿವು ಬರುವುದು ಅವರ ಬಾಯಿಂದಲೇ.

ಶುರುವಿನಲ್ಲೇ ಆರು ಬಗೆಯವರಲ್ಲಿ ನಾಲ್ಕು ಜನರನ್ನು ಆರಿಸಿಕೊಳ್ಳಬೇಕು. ಇಲ್ಲಿ ಹೊಸಬರು ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಕತ್ತಿ ಹಿಡಿಯುವ ವಾರಿಯರ್, ಕೈಯಲ್ಲೇ ಗುದ್ದುವ ಮಾಂಕ್, ಗಾಯ ಮಾಯಿಸುವ ಮಂತ್ರದ ವೈಟ್ ಮೇಜ್, ಶತ್ರುವನ್ನು ಹೊಡೆಯುವ ಮಂತ್ರದ ಬ್ಲ್ಯಾಕ್ ಮೇಜ್, ಇಷ್ಟೇ ಸಾಕು. ವಾರಿಯರ್‌ನನ್ನು ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲಿಸಿ. 1987ರ ಆಟದಲ್ಲಿ ಶತ್ರುಗಳ ಏಟಿನಲ್ಲಿ ಸುಮಾರು ಅರ್ಧ ಮೊದಲ ಜಾಗದವನಿಗೇ ಬೀಳುತ್ತಿತ್ತು, ಕೊನೆಯ ಇಬ್ಬರಿಗೆ ಎಂಟರಲ್ಲಿ ಒಂದೊಂದು ಪಾಲು. ಒಳ್ಳೆಯ ಕವಚ ತೊಟ್ಟವನು ಮುಂದಿರಲಿ, ಮಂತ್ರದವರು ಹಿಂದಿರಲಿ. ಮಾಂಕ್‌ಗೆ ಮೊದಮೊದಲು ನಂಚಾಕು ಅನ್ನೋ ಜೋಡಿ ಕೋಲಿನ ಆಯುಧ ಕೊಡಿ. ಲೆವೆಲ್ ಏರಿದ ಮೇಲೆ ಅವನ ಬರಿಗೈ ಏಟೇ ಜೋರು, ಆಯುಧದ ದುಡ್ಡು ಉಳಿಯುತ್ತದೆ.

ಮಂತ್ರದ ಲೆಕ್ಕ ಈಗಿನ ಆಟಗಳ ಹಾಗಿಲ್ಲ. ಎಲ್ಲಾ ಮಂತ್ರಕ್ಕೂ ಸೇರಿ ಒಂದೇ ಶಕ್ತಿಯ ಪಟ್ಟಿ ಇರುವುದಿಲ್ಲ. ಮಂತ್ರಗಳಿಗೆ ಎಂಟು ಲೆವೆಲ್, ಒಂದೊಂದು ಲೆವೆಲ್‌ಗೂ ಇಷ್ಟು ಸಲ ಅಂತ ಎಣಿಕೆ. ಮೊದಲ ಲೆವೆಲ್ ಮುಗಿದರೂ ಎರಡನೆಯದು ಹಾಗೇ ಇರುತ್ತದೆ. ಇದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನೋ ಮೇಜಿನ ಮೇಲೆ ಆಡುವ ಆಟದಿಂದ ಬಂದ ಪದ್ಧತಿ. ಇನ್ನೊಂದು ವಿಷಯ, ಮಂತ್ರಗಳನ್ನು ಅಂಗಡಿಯಲ್ಲಿ ಕೊಳ್ಳಬೇಕು, ಒಬ್ಬರಿಗೆ ಒಂದು ಲೆವೆಲ್‌ನಲ್ಲಿ ಮೂರೇ ಹಿಡಿಸುವುದು. ಕಂಡಿದ್ದನ್ನೆಲ್ಲ ಕೊಂಡರೆ ಗಿಲ್ (ಆಟದೊಳಗಿನ ದುಡ್ಡು) ಸಾಲುವುದಿಲ್ಲ.

ಈ ಲೆಕ್ಕ ಯಾಕೆ ಮುಖ್ಯ ಅಂತ ಮಾರ್ಶ್ ಕೇವ್‌ಗೆ ಹೋದ ದಿನ ತಿಳಿಯುತ್ತದೆ. ಅಲ್ಲಿಯ ತನಕ ಆಟ ಸಲೀಸು. ಗಾರ್ಲಂಡ್‌ನನ್ನು ಸೋಲಿಸಿ ರಾಜಕುಮಾರಿಯನ್ನು ಬಿಡಿಸುತ್ತೀರಿ, ಕಾರ್ನೀಲಿಯಾದ ರಾಜ ಸೇತುವೆ ಕಟ್ಟಿಸುತ್ತಾನೆ, ಪ್ರವೋಕಾದಲ್ಲಿ ಕಡಲ್ಗಳ್ಳರನ್ನು ಬಡಿದು ಹಡಗು ಪಡೆಯುತ್ತೀರಿ. ಆಮೇಲೆ ಎಲ್ಫ್‌ಹೀಮ್, ಅಲ್ಲಿಂದ ಒಂದು ಕಿರೀಟ ಹುಡುಕಿಕೊಂಡು ಈ ಜೌಗು ಗುಹೆಗೆ. ಬಹಳ ಜನ ಆಟ ಕೈಬಿಡುವುದು ಇಲ್ಲೇ ಅಂತ ನನ್ನ ಗುಮಾನಿ. ಗ್ರೀನ್ ಸ್ಲೈಮ್ ಅನ್ನೋ ಲೋಳೆಗೆ ಕತ್ತಿ ತಾಗುವುದೇ ಇಲ್ಲ ಅನ್ನಬಹುದು. ವಾರಿಯರ್ ಎಷ್ಟೇ ಬೀಸಿದರೂ 1 ಅಂತ ತೋರಿಸುತ್ತದೆ. ಅದಕ್ಕೆ ಬೆಂಕಿಯೇ ಆಗಬೇಕು. ಕ್ರಾಲರ್ ಅನ್ನೋ ಹುಳುವಿನ ಏಟು ಸಣ್ಣದು, ಆದರೆ ಒಂದೇ ಸರದಿಯಲ್ಲಿ ಅನೇಕ ಸಲ ಹೊಡೆಯುತ್ತದೆ, ತಾಗಿದವನು ಮರಗಟ್ಟಿ ನಿಂತುಬಿಡುತ್ತಾನೆ. ಮೂರು ಹುಳು ಒಟ್ಟಿಗೆ ಬಂದರೆ ನಿಮ್ಮ ಸರದಿ ಬರುವುದೇ ಅಪರೂಪ. ವಿಷವಂತೂ ಕಾಳಗ ಮುಗಿದರೂ ಇಳಿಯುವುದಿಲ್ಲ, ಹಾಗಾಗಿ ವಿಷ ಇಳಿಸುವ ಆಂಟಿಡೋಟ್ ಕೈತುಂಬಾ ಒಯ್ಯಿರಿ.

ಕಿರೀಟದ ಪೆಟ್ಟಿಗೆ ಇರುವುದು ಗುಹೆಯ ತಳದಲ್ಲಿ. ಅದರ ಮುಂದಿನ ಚೌಕದಲ್ಲಿ ಕಾಲಿಟ್ಟರೆ ಪಿಸ್ಕೋಡೀಮನ್ ಅನ್ನೋ ರಾಕ್ಷಸರ ಗುಂಪು ಮೇಲೆ ಬೀಳುತ್ತದೆ. ಇವುಗಳಿಗೆ ಅಂತ ಫೈರಾ ಅನ್ನೋ ಬೆಂಕಿಯ ಮಂತ್ರ ಉಳಿಸಿಕೊಂಡಿರಬೇಕು, ಎದುರಿಗಿರುವ ಎಲ್ಲರಿಗೂ ಒಟ್ಟಿಗೆ ತಾಗುತ್ತದೆ. ದಾರಿಯಲ್ಲಿ ಸಿಗುವ ಚಿಲ್ಲರೆ ಶತ್ರುಗಳಿಗೆ ಖರ್ಚು ಮಾಡಬೇಡಿ. ಗುಹೆಗಳಲ್ಲಿ ಎಲ್ಲರನ್ನೂ ಹೊಡೆಯಲೇಬೇಕು ಅಂತ ಹಟವೂ ಬೇಡ. ಓಡಿಹೋಗೋಕೆ ಆಟದಲ್ಲೇ ಒಂದು ಆಯ್ಕೆ ಇದೆ, ಧಾರಾಳವಾಗಿ ಓಡಿ. ಕಿರೀಟ ಸಿಕ್ಕಿದ ಮೇಲೆ ಅದನ್ನು ಒಬ್ಬನಿಗೆ ಕೊಡಬೇಕಾಗುತ್ತದೆ. ಅವನು ಯಾರು ಅಂತ ಹೇಳಿದರೆ ಮಜಾ ಹೋಗುತ್ತದೆ. ಅವನ ಹತ್ತಿರ ಹೋಗುವ ಮುಂಚೆ ಸೇವ್ ಮಾಡಿ ಅಂತಷ್ಟೇ ಹೇಳುತ್ತೇನೆ.

ಸೇವ್ ವಿಷಯದಲ್ಲಿ ಮೊಬೈಲ್ ಆವೃತ್ತಿ ಉದಾರಿ. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ತಾನೇ ಸೇವ್ ಆಗುತ್ತದೆ, ಗುಹೆಯ ಮಧ್ಯೆಯೂ ಕ್ವಿಕ್ ಸೇವ್ ಮಾಡಬಹುದು. ಆದರೆ ಕಾಳಗದ ನಡುವೆ ಆಗುವುದಿಲ್ಲ. ಆಂಡ್ರಾಯ್ಡ್ ಫೋನ್‌ಗಳು ಮೆಮೊರಿ ಕಡಿಮೆಯಾದಾಗ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಅದಕ್ಕೆ ಇಳಿಯುವ ಸ್ಟೇಷನ್ ಹತ್ತಿರ ಬರುತ್ತಿದ್ದಂತೆ ಕಾಳಗ ಮುಗಿಸಿ ಕ್ವಿಕ್ ಸೇವ್ ಒತ್ತಿ.

ಆಟೋ ಬ್ಯಾಟಲ್ ಬಟನ್ ಕೂಡ ಇದೆ. ಹಿಂದಿನ ಅಪ್ಪಣೆಗಳನ್ನೇ ಬೇಗಬೇಗ ಮತ್ತೆ ನಡೆಸುತ್ತದೆ. ಲೆವೆಲ್ ಏರಿಸುವಾಗ ಅದನ್ನು ಬಳಸೋಕೆ ಸಂಕೋಚ ಬೇಡ. ಹಳೇ ಆಟಗಾರರು ಇದು ಆಟವೇ ಅಲ್ಲ ಅಂತ ಗೊಣಗುತ್ತಾರೆ, ತಲೆಗೆ ಹಾಕಿಕೊಳ್ಳಬೇಡಿ. ನಾಲ್ಕು ತುಂಟ ಗಾಬ್ಲಿನ್‌ಗಳಿಗೆ ಬೆರಳು ಸವೆಸಬೇಕಾಗಿಲ್ಲ.

ಲೆವೆಲ್ ಏರಿಸೋಕೆ ಒಂದು ಜಾಗ ಹೇಳುತ್ತೇನೆ. ಪ್ರವೋಕಾದ ಈಶಾನ್ಯಕ್ಕೆ ಒಂದು ಭೂಮಿಯ ಚಾಚು ಇದೆ. ಭೂಪಟವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಬೇರೆ ಶತ್ರುಗಳನ್ನು ಇಟ್ಟಿದ್ದಾರೆ. ಆ ಚಾಚಿನ ತುದಿ ಮಾತ್ರ ತುಂಬಾ ಮುಂದೆ ಬರಬೇಕಾದ ಪ್ರದೇಶದ ಚೌಕಕ್ಕೆ ಸೇರಿಬಿಟ್ಟಿದೆ. ಹಾಗಾಗಿ ಆಟದ ಶುರುವಿನಲ್ಲೇ ದೊಡ್ಡ ದೊಡ್ಡ ಶತ್ರುಗಳು, ಅದಕ್ಕೆ ತಕ್ಕಂತೆ ಕೈತುಂಬಾ ಅನುಭವದ ಅಂಕ. ಅಂಚಿನಲ್ಲೇ ತಿರುಗಾಡಿ, ಒಂದು ಕಾಳಗ ಗೆದ್ದ ಕೂಡಲೇ ಸೇವ್ ಮಾಡಿ. ಇದನ್ನು ಮೋಸ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ, ಆದರೆ ಮಾರ್ಶ್ ಕೇವ್ ಒಂದು ಸಲ ನೋಡಿ ಬಂದ ಮೇಲೆ ಇಲ್ಲಿಗೆ ಹೋಗಿ. ಮೊದಲೇ ಹೋದರೆ ಆ ಗುಹೆಯ ರುಚಿ ಕೆಡುತ್ತದೆ.

ಇದು ಮುಗಿದ ಮೇಲೆ ಎರಡನೇ ಭಾಗಕ್ಕೆ ಸುಮ್ನೆ ಕೈಹಾಕಬೇಡಿ. ಅಲ್ಲಿ ಲೆವೆಲ್ಲೇ ಇಲ್ಲ, ಏಟು ತಿಂದರೆ ಎಚ್‌ಪಿ (ಪಾತ್ರದ ಜೀವದ ಅಂಕ) ಬೆಳೆಯುವ ವಿಚಿತ್ರ ಪದ್ಧತಿ. ನೇರ ಮೂರಕ್ಕೆ ಹೋಗಿ, ಪಾತ್ರಗಳ ವೃತ್ತಿಯನ್ನು ಬೇಕಾದಾಗ ಬದಲಾಯಿಸಬಹುದು, ಕಾಳಗವೂ ಪೂರ್ತಿ ಸರದಿಯದೇ. ನಾಲ್ಕರಿಂದ ಆರರ ತನಕ ಗೇಜ್, ಅಂದರೆ ಸಮಯದ ಪಟ್ಟಿ, ತುಂಬಿದಾಗ ಸರದಿ ಬರುವ ಪದ್ಧತಿ. ನೀವು ಯೋಚಿಸುತ್ತಿದ್ದರೂ ಶತ್ರುವಿನ ಗೇಜ್ ಓಡುತ್ತಲೇ ಇರುತ್ತದೆ. ಅವನ್ನು ಆಡುವುದಾದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಟಲ್ ಮೋಡ್ ‘ವೇಟ್’ ಅಂತ ಇಡಿ, ಆಗ ಮಂತ್ರದ ಪಟ್ಟಿ ತೆರೆದಿರುವಷ್ಟು ಹೊತ್ತಾದರೂ ಗೇಜ್ ನಿಂತಿರುತ್ತದೆ.