ಉಬ್ಬು ಕೆತ್ತನೆಗೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಮರದ ಹಲಗೆಯ ಮೇಲೆ ಮೂರು ಅಕ್ಷದ ಸಿಎನ್‌ಸಿ ರೂಟರ್‌ನಿಂದ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಉಬ್ಬುಶಿಲ್ಪ ಕೆತ್ತಿಸಬೇಕು. ಝಡ್‌ಬ್ರಷ್ ಕೊಳ್ಳಲೇ, ಬ್ಲೆಂಡರ್ ಸಾಕೇ, ಆಸ್ಪೈರ್ ಬೇಕೇ?

ಉತ್ತರ: ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡಿ. ಝಡ್‌ಬ್ರಷ್, ಬ್ಲೆಂಡರ್ ಇರುವುದು ಆಕಾರ ರೂಪಿಸಲಿಕ್ಕೆ. ಆಸ್ಪೈರ್, ಕಾರ್ವೆಕೊ ಆ ಆಕಾರವನ್ನು ಹಲಗೆಗೆ ಕೂರಿಸಿ ಬಿಟ್ (ಕೊರೆಯುವ ಅಲಗು) ಸಾಗುವ ದಾರಿಯನ್ನು, ಅಂದರೆ ಟೂಲ್‌ಪಾತನ್ನು, ಲೆಕ್ಕ ಹಾಕಿ ಕೊಡುತ್ತವೆ. ಬರೀ ಎಲೆ, ಬಳ್ಳಿ, ಅಂಚುಪಟ್ಟಿಯ ಕೆಲಸವಾದರೆ ಆಸ್ಪೈರ್ ಒಂದೇ ಸಾಕು. ಮುಖ, ಬಟ್ಟೆಯ ನೆರಿಗೆ ಬಂದರೆ ಝಡ್‌ಬ್ರಷ್, ಬ್ಲೆಂಡರ್‌ನಂಥ ಸ್ಕಲ್ಪ್ಟಿಂಗ್ ಸಾಫ್ಟ್‌ವೇರ್ ಬೇಕೇ ಬೇಕು. ಉಚಿತವಾದ ಬ್ಲೆಂಡರ್‌ನಿಂದಲೇ ಶುರುಮಾಡಿ. ಚಂದಾ ಕಟ್ಟಬೇಕಾದ ಝಡ್‌ಬ್ರಷ್‌ನ ಹೆಚ್ಚುಗಾರಿಕೆ ಗೊತ್ತಾಗುವುದು ಮೆಶ್‌ನ (ಮಾದರಿಯ ಮೈಯಾಗಿರುವ ಬಲೆಯ) ಪಾಲಿಗನ್‌ಗಳು, ಅಂದರೆ ಪುಟ್ಟ ಮುಖಗಳು, ಕೋಟಿ ದಾಟಿದಾಗ. ರೂಟರ್‌ಗೆ ಅಷ್ಟು ಸೂಕ್ಷ್ಮ ಬೇಕಾಗುವುದು ಅಪರೂಪ: 3 ಮಿ.ಮೀ. ವ್ಯಾಸದ, ತುದಿ ದುಂಡಗಿರುವ ಬಾಲ್‌ನೋಸ್ ಬಿಟ್ 1.5 ಮಿ.ಮೀ. ತ್ರಿಜ್ಯಕ್ಕಿಂತ ಕಿರಿದಾದ ಒಳಮೂಲೆಯನ್ನು ಕೆತ್ತಲಾರದು. ಕಿವಿಯ ಹಿಂಬದಿಯಂಥ ಒಳಚಾಚಿದ ಜಾಗವನ್ನು ಎಷ್ಟೇ ಚೆಂದ ಮಾಡಿದರೂ ಮೇಲಿನಿಂದ ಇಳಿಯುವ ಬಿಟ್ ಅಲ್ಲಿಗೆ ತಲುಪುವುದಿಲ್ಲ.

ಪ್ರಶ್ನೆ: ಪೂರ್ತಿ ತಲೆಯ ಮಾದರಿಯನ್ನು ಚಪ್ಪಟೆ ಮಾಡಿ, ಬ್ಲೆಂಡರ್‌ನಿಂದ ಕಪ್ಪು-ಬಿಳುಪು ಎತ್ತರದ ಚಿತ್ರ ತೆಗೆದು ಕೆತ್ತಿಸಿದೆವು. ಕಣ್ಣು, ತುಟಿ ಅಳಿಸಿಹೋದವು. ಕೆನ್ನೆಯ ಮೇಲೆ ಮೆಟ್ಟಿಲು ಮೂಡಿದೆ.

ಉತ್ತರ: ಎರಡಕ್ಕೂ ಕಾರಣ ಬೇರೆ. 200 ಮಿ.ಮೀ. ಆಳದ ತಲೆಯನ್ನು 12 ಮಿ.ಮೀ.ಗೆ ಇಳಿಸಿದಾಗ 2 ಮಿ.ಮೀ. ಎತ್ತರದ ರೆಪ್ಪೆಯ ಅಂಚು 0.12 ಮಿ.ಮೀ.ಗೆ ಕುಸಿಯುತ್ತದೆ. ಮರಳುಕಾಗದ ಎರಡು ಸಲ ಉಜ್ಜಿದರೆ ಅದೂ ಹೋಯಿತು. ಹಾಗಾಗಿ ಮೊದಲು ತಲೆ, ಕೆನ್ನೆ, ಹಣೆಯ ದೊಡ್ಡ ಉಬ್ಬುಗಳನ್ನಷ್ಟೇ ಚಪ್ಪಟೆ ಮಾಡಿ. ರೆಪ್ಪೆ, ತುಟಿ, ಕೂದಲನ್ನು ಆ ಚಪ್ಪಟೆ ಮೆಶ್ ಮೇಲೆ ಹೊಸದಾಗಿ, ತುಸು ಅತಿಯಾಗಿಯೇ ಕೆತ್ತಿ.

ಮೆಟ್ಟಿಲಿಗೆ ಮೊದಲ ಅನುಮಾನ 8 ಬಿಟ್ ಚಿತ್ರದ ಮೇಲೆ. ಅದರಲ್ಲಿ ಇರುವುದು 256 ಛಾಯೆ, 12 ಮಿ.ಮೀ. ಆಳಕ್ಕೆ ಒಂದೊಂದು ಮೆಟ್ಟಿಲು ಸುಮಾರು 0.05 ಮಿ.ಮೀ. ನುಣುಪಾದ ಇಳಿಜಾರಿನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. 16 ಬಿಟ್ ಪಿಎನ್‌ಜಿಯಲ್ಲಿ ಛಾಯೆಗಳು 65,536. ಬ್ಲೆಂಡರ್‌ನ ಕ್ಯಾಮೆರಾ ಆರ್ಥೋಗ್ರಾಫಿಕ್ (ದೂರವಾದರೂ ಗಾತ್ರ ಕುಗ್ಗದ ನೋಟ) ಇರಲಿ. ದೂರವನ್ನು ಛಾಯೆಯಾಗಿ ತೋರಿಸುವ ಮಿಸ್ಟ್ ಪಾಸ್ ಬಳಸುವುದಾದರೆ ಫಾಲ್‌ಆಫ್ (ಛಾಯೆ ಬದಲಾಗುವ ಬಗೆ) ಲೀನಿಯರ್ ಮಾಡಿ, ಕಪ್ಪು-ಬಿಳುಪನ್ನು ತಿರುಗಿಸಿ. ಇಲ್ಲದಿದ್ದರೆ ಮೂಗು ಹೊಂಡವಾದೀತು. ಬಣ್ಣ ತೋರಿಸುವ ಬಗೆಯ ಆಯ್ಕೆ, ಅಂದರೆ ವ್ಯೂ ಟ್ರಾನ್ಸ್‌ಫಾರ್ಮ್, ‘ರಾ’ ಇರಬೇಕು. ಉಳಿದವು ಛಾಯೆಯನ್ನು ಬಾಗಿಸುತ್ತವೆ, ಜೊತೆಗೆ ಎತ್ತರವನ್ನೂ. ನಿಮ್ಮ ಕೆತ್ತನೆ ಸಾಫ್ಟ್‌ವೇರ್ ಎಸ್‌ಟಿಎಲ್ ಫೈಲನ್ನು (ಮೆಶ್‌ನ ಆಕಾರ ಇಡುವ ಫೈಲ್) ನೇರವಾಗಿ ತೆರೆಯುವುದಾದರೆ ಚಿತ್ರದ ಗೋಜೇ ಬೇಡ.

ಕೊರೆಯುವ ಬಿಟ್‌ನ ಗೆರೆಗಳೇ ಮೆಟ್ಟಿಲಿನಂತೆ ಕಂಡಿದ್ದರೆ ಸ್ಟೆಪ್‌ಓವರ್ (ಅಕ್ಕಪಕ್ಕದ ಎರಡು ಗೆರೆಗಳ ಅಂತರ) ಇಳಿಸಿ. 3 ಮಿ.ಮೀ. ಬಾಲ್‌ನೋಸ್‌ಗೆ 0.3 ಮಿ.ಮೀ. ಇಟ್ಟರೆ ಗೆರೆಗಳ ನಡುವಿನ ಏಣು 0.01 ಮಿ.ಮೀ.ಗಿಂತ ಕಡಿಮೆ.

ಪ್ರಶ್ನೆ: ಮಾದರಿಯನ್ನು 3ಡಿ ಪ್ರಿಂಟ್ ಮಾಡಹೋದರೆ ಸ್ಲೈಸರ್‌ನಲ್ಲಿ (ಮಾದರಿಯನ್ನು ಪದರಗಳಾಗಿ ಸೀಳುವ ಸಾಫ್ಟ್‌ವೇರ್) ಚುಕ್ಕೆಯಷ್ಟು ಕಾಣುತ್ತದೆ. ಏಕೆ?

ಉತ್ತರ: ಎಸ್‌ಟಿಎಲ್‌ನಲ್ಲಿ ಅಳತೆಯ ಮಾನವಿರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಬ್ಲೆಂಡರ್‌ನ 0.3 ಮೀಟರ್ ಸ್ಲೈಸರ್‌ಗೆ 0.3 ಮಿ.ಮೀ. ಎಕ್ಸ್‌ಪೋರ್ಟ್ ಮಾಡುವಾಗ ಸ್ಕೇಲ್ 1000 ಕೊಡಿ. ಇನ್ನೊಂದು ಮಾತು: ತಂತಿ ಕರಗಿಸುವ ಪ್ರಿಂಟರ್‌ನಲ್ಲಿ ಉಬ್ಬುಶಿಲ್ಪವನ್ನು ಮಲಗಿಸಬೇಡಿ. 0.2 ಮಿ.ಮೀ. ಪದರದಲ್ಲಿ 12 ಮಿ.ಮೀ. ಆಳಕ್ಕೆ ಸಿಗುವುದು 60 ಪದರ. ಕೆನ್ನೆಯ ತುಂಬ ನಕಾಶೆಯಲ್ಲಿ ಬೆಟ್ಟದ ಎತ್ತರ ತೋರಿಸುವಂಥ ಗೆರೆಗಳು. ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಬ್ರಿಮ್ (ಸುತ್ತಲೂ ತೆಳು ಅಂಚು) ಕೊಟ್ಟು ಪ್ರಿಂಟ್ ಮಾಡಿ.