ಉಪ್ಪಿನ ಪ್ಯಾಕೆಟ್ ಒಡೆದ ತಾರೀಖು

ನೀವು ಕೇಳಿದ್ದು: "ಆರೋಗ್ಯ, ನೆಮ್ಮದಿ ಬಗ್ಗೆ ದಿನಾ ಓದುತ್ತೇನೆ. ಒಳ್ಳೆಯದನ್ನೆಲ್ಲ ಸೇವ್ ಮಾಡಿಡುತ್ತೇನೆ. ಆದರೂ ಏನೂ ಬದಲಾಗಿಲ್ಲ. ಓದಿದ್ದು ಉಪಯೋಗಕ್ಕೆ ಬರುವ ಹಾಗೆ ಮಾಡಿಕೊಳ್ಳುವುದು ಹೇಗೆ?"

ನಾನೂ ಎರಡು ಮೂರು ವರ್ಷ ಹೀಗೇ ಇದ್ದೆ. ಬೆಳಿಗ್ಗೆ ಬಿಸಿನೀರು, ಪ್ರಾಣಾಯಾಮ, ಏಳು ಗಂಟೆಗೇ ರಾತ್ರಿ ಊಟ, ಮಲಗುವಾಗ ಮೊಬೈಲ್ ಬೇಡ. ಎಲ್ಲಾ ಒಟ್ಟಿಗೆ ಸೋಮವಾರ ಶುರು ಮಾಡುತ್ತಿದ್ದೆ, ಗುರುವಾರದ ಹೊತ್ತಿಗೆ ಎಲ್ಲಾ ಒಟ್ಟಿಗೆ ಬಿಟ್ಟುಹೋಗುತ್ತಿತ್ತು.

ನನಗೆ ದಾರಿ ಕಂಡಿದ್ದು ಉಪ್ಪಿನ ವಿಷಯದಲ್ಲಿ. ಅಪ್ಪನಿಗೆ ಬಿಪಿ ಬಂದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಎಷ್ಟು ಸಲ ಓದಿದ್ದೆನೋ! ಆದರೆ ಅಡುಗೆಮನೆಯಲ್ಲಿ ಗ್ರಾಂ ಯಾರು ತೂಗುತ್ತಾರೆ? ಸಾರಿಗೆ ಕೈಯಳತೆ, ಪಲ್ಯಕ್ಕೆ ಕಣ್ಣಳತೆ. ಕೊನೆಗೆ ಅಮ್ಮನೇ ದಾರಿ ಹುಡುಕಿದರು. ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಸಣ್ಣದಾಗಿ 'ಉ' ಅಂತ ಬರೆದರು. ನಮ್ಮದು ನಾಲ್ಕು ಜನರ ಮನೆ. ತಲೆಗೆ 5 ಗ್ರಾಂ ಅಂದರೆ ಪ್ಯಾಕೆಟ್ 50 ದಿನ ಬರಬೇಕು. 28ನೇ ದಿನಕ್ಕೇ ಖಾಲಿ! ಒಬ್ಬೊಬ್ಬರಿಗೆ ಹತ್ತಿರ ಹತ್ತಿರ 9 ಗ್ರಾಂ ಆಯಿತು. ಅದೂ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಲೆಕ್ಕಕ್ಕೆ ಹಿಡಿಯದೆ.

ಆಮೇಲೆ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಹೊರಗೆ ತರುವುದು ನಿಲ್ಲಿಸಿದೆವು. ಚಪಾತಿ ಹಿಟ್ಟಿಗೆ ಉಪ್ಪು ಬಿಟ್ಟೆವು. ಮಜ್ಜಿಗೆಗೆ ಶುಂಠಿ, ಕರಿಬೇವು, ಒಂದು ಹಸಿಮೆಣಸಿನಕಾಯಿ ಜಜ್ಜಿ ಹಾಕಿದರೆ ಉಪ್ಪು ಚಿಟಿಕೆಯಷ್ಟೇ ಸಾಕಾಗುತ್ತದೆ. ಮೊದಲ ಹತ್ತು ದಿನ ಅಪ್ಪ ಸಪ್ಪೆ ಸಪ್ಪೆ ಎಂದು ಗೊಣಗಿದರು, ಆಮೇಲೆ ಸುಮ್ಮನಾದರು. ಮುಂದಿನ ಪ್ಯಾಕೆಟ್ 36 ದಿನ ಬಂತು, ಅದರ ಮುಂದಿನದು 41. ಈಗ ಹೋಟೆಲ್ ಸಾಂಬಾರ್ ತಿಂದರೆ ಉಪ್ಪು ಜಾಸ್ತಿ ಅಂತ ಅಪ್ಪನೇ ಹೇಳುತ್ತಾರೆ.

ಹಾಗಾಗಿ ನೀವು ಸೇವ್ ಮಾಡಿಟ್ಟಿದ್ದರಲ್ಲಿ ಒಂದನ್ನೇ ಹಿಡಿಯಿರಿ. ಅದನ್ನು ನಿಮ್ಮ ಮನೆಯ ಅಳತೆಗೆ ತನ್ನಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ಓದಿರುತ್ತೀರಿ ಅಲ್ವಾ? ಅಂದರೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ನಿಮ್ಮ ಮನೆಯಿಂದ ಎಲ್ಲಿಗೆ ಹೋಗಿ ಬರಬಹುದು? ದೇವಸ್ಥಾನವೋ, ಕೆರೆ ಏರಿಯೋ, ಆ ಜಾಗ ಗೊತ್ತು ಮಾಡಿಕೊಳ್ಳಿ. ದಿನಾ ತಪ್ಪದ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ. ಮಗುವನ್ನು ಸ್ಕೂಲ್ ಬಸ್ ಹತ್ತಿಸಿ ಹಾಗೇ ಹೊರಟುಬಿಡಿ, ಮನೆಗೆ ವಾಪಸ್ ಬಂದರೆ ಕಾಲು ಏಳುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತು ನಂಬಿ ಬೇಜಾರು ಮಾಡಿಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ಮೈಗೂಡಲು ಹೆಚ್ಚುಕಡಿಮೆ 66 ದಿನ ಹಿಡಿದಿತ್ತು. ಅದರಲ್ಲೂ ಜನಕ್ಕೆ ತಕ್ಕಂತೆ 18ರಿಂದ 254 ದಿನದವರೆಗೆ ವ್ಯತ್ಯಾಸ. ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ ಇನ್ನೊಂದಿದೆ: ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ.

ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಓದಿದ್ದನ್ನು ಸೀದಾ ಪ್ರಯೋಗ ಮಾಡಬೇಡಿ. ಬಿಪಿಗೆ ಒಳ್ಳೆಯದು ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದರೆ, ಕೆಲವು ಬಿಪಿ ಮಾತ್ರೆ ನುಂಗುತ್ತಿದ್ದರೆ ಅದೇ ಅಪಾಯ. ಮೊದಲು ಡಾಕ್ಟರನ್ನು ಕೇಳಿ.

ನೆಮ್ಮದಿ ಅಂತಲೂ ಬರೆದಿದ್ದೀರಿ, ಅದಕ್ಕೇ ಇದನ್ನೂ ಹೇಳುತ್ತೇನೆ. ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಿದ್ದರೆ ಇನ್ನೊಂದು ಲೇಖನ ಹುಡುಕಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ. ನಡುರಾತ್ರಿಯಾದರೂ ಫೋನ್ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.